ಮೋಲ್ಡ್ ಹಾಕಿಸುವ ಮುನ್ನ ಬಿಸಿನೀರಿನ ಲೆಕ್ಕ

ಚಿ. ಸೌ. ವೀಣಾಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ತುಮಕೂರಿನಲ್ಲಿ ನೀವು ಕಟ್ಟಿಸುತ್ತಿರುವ ಮನೆಯ ನಕ್ಷೆ ತಲುಪಿತು, ನಿಧಾನವಾಗಿ ನೋಡಿದೆ. ಕೋಣೆಗಳ ಅಳತೆ, ಗಾಳಿ ಬೆಳಕು ಎಲ್ಲವೂ ಹಿಡಿಸಿತು. ಬಿಸಿನೀರಿನ ಸೋಲಾರನ್ನು ಗೃಹಪ್ರವೇಶದ ಹೊತ್ತಿಗೆ ತಂದು ತಾರಸಿಯ ಮೇಲೆ ಕೂರಿಸಿದರಾಯಿತು ಎಂದು ಮೇಸ್ತ್ರಿ ಹೇಳಿದ್ದಾಗಿ ಬರೆದಿದ್ದೀಯೆ. ಆ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಸೋಲಾರ್ ಕೂರುವ ಜಾಗ, ತಣ್ಣೀರಿನ ಟ್ಯಾಂಕಿನ ಎತ್ತರ, ಬಿಸಿನೀರಿನ ಪೈಪು ಇಳಿಯುವ ದಾರಿ, ಈ ಮೂರೂ ಮೋಲ್ಡ್ ಹಾಕುವ ಮೊದಲೇ ತೀರ್ಮಾನವಾಗಬೇಕು. ಎಷ್ಟು ಲೀಟರಿನದು ಕೊಳ್ಳಬೇಕು ಎಂದು ನೀನು ಕೇಳಿರುವ ಪ್ರಶ್ನೆಯ ಉತ್ತರವೂ ಬಹುಮಟ್ಟಿಗೆ ಇವನ್ನೇ ಅವಲಂಬಿಸಿದೆ.

ಅಂಗಡಿಯವರು ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ತಲೆಗಿಷ್ಟು ಎಂದು ಗುಣಿಸಿ ಹೇಳಿಬಿಡುತ್ತಾರೆ. ತಲೆಯೆಣಿಕೆಗಿಂತ ನಿಮ್ಮ ಮನೆಯವರು ಸ್ನಾನ ಮಾಡುವ ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಿ. ಮೈಗೆ ಹಿತವೆನಿಸುವ ನೀರು ಸುಮಾರು 40 ಡಿಗ್ರಿಯದು. ಟ್ಯಾಂಕಿನಲ್ಲಿ 60 ಡಿಗ್ರಿಯ ನೀರಿದ್ದು, ಮಾಗಿಯಲ್ಲಿ ತಣ್ಣೀರು 20 ಡಿಗ್ರಿಯಷ್ಟಿದ್ದರೆ, ಎರಡನ್ನೂ ಸಮಸಮ ಬೆರೆಸಬೇಕಾಗುತ್ತದೆ. ಆದ್ದರಿಂದ ಬಕೆಟ್ಟಿನಲ್ಲಿ ಸ್ನಾನ ಮಾಡುವ ನಿಮ್ಮ ಅತ್ತೆಯವರು 20 ಲೀಟರಿನ ಎರಡು ಬಕೆಟ್ ಬಳಸಿದರೂ ಸೋಲಾರಿನಿಂದ ಇಳಿಯುವುದು 20 ಲೀಟರ್ ಮಾತ್ರ. ಮಕ್ಕಳಿಬ್ಬರಿಗೆ ತಲಾ 15 ಲೀಟರ್ ಇಟ್ಟುಕೊ. ನೀವಿಬ್ಬರೂ ಶವರ್ ಬಳಸುತ್ತೀರಿ. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರಿನ ಕೆಳಗೆ ಎಂಟು ನಿಮಿಷ ನಿಂತರೆ 64 ಲೀಟರ್, ಅದರಲ್ಲಿ ಬಿಸಿನೀರು 32. ಇಬ್ಬರದೂ ಸೇರಿದರೆ 64, ಒಟ್ಟು 114 ಲೀಟರ್. ತಲೆಗೆ ಎರೆದುಕೊಳ್ಳುವ ದಿನ ಇನ್ನಷ್ಟು ಬೇಕಾಗುತ್ತದೆ, ಪೈಪಿನಲ್ಲಿ ಉಳಿದು ಆರಿಹೋಗುವ ನೀರೂ ಇದೆ. ದಿನಕ್ಕೆ 140 ಲೀಟರ್ ಎಂದು ಹಿಡಿದರೆ ತಪ್ಪಾಗದು.

ಹಾಗಾದರೆ 150 ಲೀಟರಿನದೇ ಸಾಕಲ್ಲವೇ ಎಂದು ನಿನಗೆ ಅನ್ನಿಸಬಹುದು. ಮೇಲಿನಿಂದ ಬಿಸಿನೀರು ಹೋದಂತೆಲ್ಲ ಟ್ಯಾಂಕಿನ ತಳಕ್ಕೆ ತಣ್ಣೀರು ಬಂದು ಸೇರುತ್ತಲೇ ಇರುವುದರಿಂದ ಕೊನೆಯ ಪಾಲು ಉಗುರುಬೆಚ್ಚಗಷ್ಟೇ ಇರುತ್ತದೆ, ಮತ್ತು ಅದು ಮನೆಯಲ್ಲಿ ಕೊನೆಗೆ ಸ್ನಾನಕ್ಕೆ ಹೋಗುವವರ ಪಾಲಿಗೆ ಬರುತ್ತದೆ. ಅಂಥವರು ಸಾಮಾನ್ಯವಾಗಿ ಮನೆಯ ಗೃಹಿಣಿಯೇ ಆಗಿರುತ್ತಾರೆ ಎಂಬುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಆದಕಾರಣ ನಿಮಗೆ 200 ಲೀಟರಿನದು ಸರಿಹೋಗುತ್ತದೆ. 300ಕ್ಕೆ ಹೋಗಬೇಡ. ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ ಮನೆ ತುಂಬ ನೆಂಟರಿದ್ದು ಎಲ್ಲರಿಗೂ ಎಣ್ಣೆನೀರು ಆಗಬೇಕಲ್ಲ ಎಂದು ನಿಮ್ಮ ಅತ್ತೆಯವರು ಕೇಳಿದ್ದಾರಂತೆ. ಅವರ ಕಾಳಜಿ ದೊಡ್ಡದು, ಆದರೆ ವರ್ಷಕ್ಕೊಮ್ಮೆ ಬರುವ ಆ ದಿನಕ್ಕೆ ಗೀಸರನ್ನೂ ಜೊತೆಗೆ ಹಾಕಿಕೊಂಡರೆ ನಡೆಯುತ್ತದೆ ಎಂದು ಅವರಿಗೆ ತಿಳಿಸಿ ಹೇಳು.

ಟ್ಯಾಂಕಿನ ಮೇಲೆ ಬರೆದಿರುವ ಲೀಟರು ಟ್ಯಾಂಕಿನದು ಮಾತ್ರ. ನೀರನ್ನು ಕಾಯಿಸುವುದು ಕೆಳಗಿನ ಗಾಜಿನ ಕೊಳವೆಗಳು. ಹಂಡೆ ದೊಡ್ಡದಾಗಿ ಒಲೆ ಚಿಕ್ಕದಾದರೆ ನೀರು ಕಾಯುವುದಿಲ್ಲ, ಇಲ್ಲಿಯೂ ಹಾಗೆಯೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು, ಮತ್ತು 860 ಕಿಲೋ ಕ್ಯಾಲೊರಿಯೆಂದರೆ ಒಂದು ಯೂನಿಟ್ ವಿದ್ಯುತ್ತಿಗೆ ಸಮ. ದಿನಕ್ಕೆ 140 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು 5600 ಕಿಲೋ ಕ್ಯಾಲೊರಿ, ಅಂದರೆ ಸುಮಾರು ಆರೂವರೆ ಯೂನಿಟ್ ಬೇಕಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬಿಸಿಲು ಬೀಳುತ್ತದೆ. ಅದರಲ್ಲಿ ಅರ್ಧದಷ್ಟು ನೀರಿಗೆ ಸೇರಿತು ಎಂದುಕೊಂಡರೂ ಎರಡೂವರೆಯಿಂದ ಮೂರು ಚದರ ಮೀಟರ್ ಬೇಕು. 58 ಮಿಲಿಮೀಟರ್ ವ್ಯಾಸದ, 1800 ಮಿಲಿಮೀಟರ್ ಉದ್ದದ ಕೊಳವೆಗಳಾದರೆ 100 ಲೀಟರಿಗೆ ಹತ್ತರಂತೆ 200 ಲೀಟರಿಗೆ ಇಪ್ಪತ್ತು ಇರಬೇಕು. ಬೆಲೆ ಕಡಿಮೆ ಎಂದು ತೋರಿಸುವವರು ಕೊಳವೆಗಳ ಸಂಖ್ಯೆಯನ್ನು ಇಳಿಸಿರುತ್ತಾರೆ, ಇಲ್ಲವೇ ಸಣ್ಣ ಕೊಳವೆಗಳನ್ನು ಹಾಕಿರುತ್ತಾರೆ. ಎರಡು ಕಡೆಯ ದರಪಟ್ಟಿಯನ್ನು ಹೋಲಿಸುವಾಗ ಕೊಳವೆಗಳನ್ನು ಎಣಿಸಿಯೇ ಹೋಲಿಸಬೇಕು.

ಗಾಜಿನ ಕೊಳವೆಗಳ ಬದಲು ಇನ್ನೊಂದು ಬಗೆಯೂ ಇದೆ: ತಾಮ್ರದ ಪೈಪುಗಳ ಮೇಲೆ ಗಾಜು ಹೊದಿಸಿದ ಚಪ್ಪಟೆ ಪ್ಯಾನೆಲ್. ಅದು ಬಹುಕಾಲ ಬಾಳುವಂಥದು, ಕೋತಿಗಳ ಕಾಟವಿರುವ ಊರಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮದು ಬಡಾವಣೆಯ ಹೊರಗಿನ ಸೈಟು. ಊರೊಳಗಿನವರಂತೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ನಿಮಗಿನ್ನೂ ಇಲ್ಲ, ಬೋರ್‌ವೆಲ್ ನೀರೇ ಗತಿ. ಕಾಮಗಾರಿಯ ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತಿದೆ, ಸೋಪು ನೊರೆ ಬರುವುದಿಲ್ಲ ಎಂದು ನೀನೇ ಬರೆದಿರುವೆ. ಅಂಥ ಗಡಸು ನೀರು ಕಾದಾಗ ಸುಣ್ಣದಂಶ ಬಿಟ್ಟುಕೊಡುತ್ತದೆ, ಪ್ಯಾನೆಲ್ಲಿನ ಕಿರಿದಾದ ತಾಮ್ರದ ಪೈಪುಗಳು ಅದರಿಂದ ಕಟ್ಟಿಕೊಳ್ಳುತ್ತವೆ. ಗಾಜಿನ ಕೊಳವೆಯ ಬಾಯಿ ಅಗಲವಾಗಿರುವುದರಿಂದ ಅದು ಬೇಗ ಕಟ್ಟುವುದಿಲ್ಲ. ತಳದಲ್ಲಿ ಕೂತ ಸುಣ್ಣವನ್ನು ವರ್ಷಕ್ಕೊಮ್ಮೆ ತೆಗೆಸಿದರೆ ಸಾಕು. ಟ್ಯಾಂಕಿನ ಒಳಮೈ ಎನಾಮಲ್ ಲೇಪದ್ದಾಗಿರಲಿ, ಅದರೊಳಗಿನ ಮೆಗ್ನೀಸಿಯಂ ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯುವುದಕ್ಕೆಂದೇ ಇರುವುದರಿಂದ ಅದನ್ನು ಆಗಾಗ ನೋಡಿ ಬದಲಿಸುವ ಏರ್ಪಾಟನ್ನು ಕೊಳ್ಳುವಾಗಲೇ ಮಾತಾಡಿಕೋ. ಮೊದಲು ನೀರನ್ನೊಮ್ಮೆ ಪರೀಕ್ಷೆಗೆ ಕೊಟ್ಟು ಗಡಸುತನದ ಅಂಕಿಯನ್ನು ತಿಳಿದುಕೊಂಡರೆ ಇನ್ನೂ ಒಳ್ಳೆಯದು.

ಈಗ ನಕ್ಷೆಗೆ ಬರುತ್ತೇನೆ. ಈ ಬಗೆಯ ಸೋಲಾರಿನಲ್ಲಿ ಪಂಪು ಇರುವುದಿಲ್ಲ, ಕಾದ ನೀರು ಹಗುರಾಗಿ ತಾನೇ ಮೇಲೇರಿ ಟ್ಯಾಂಕು ಸೇರುತ್ತದೆ. ಆದರೆ ಟ್ಯಾಂಕಿಗೆ ತಣ್ಣೀರು ತುಂಬಬೇಕಾದರೆ ಸಿಂಟೆಕ್ಸ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ನಿಮ್ಮ ನಕ್ಷೆಯಲ್ಲಿ ಸಿಂಟೆಕ್ಸನ್ನು ತಾರಸಿಯ ಮೇಲೆ ಎರಡಡಿಯ ಕಟ್ಟೆಯಲ್ಲಿ ತೋರಿಸಿದ್ದಾರೆ, ಇದು ಸಾಲದು. ಮೆಟ್ಟಿಲು ತಾರಸಿ ತಲುಪುವಲ್ಲಿ ಕಟ್ಟುವ ಪುಟ್ಟ ಕೋಣೆಯ, ಅಂದರೆ ಹೆಡ್‌ರೂಮಿನ ಮೇಲೆ ಇಡಿಸಿದರೆ ಏಳೆಂಟು ಅಡಿಯ ಎತ್ತರ ತಾನಾಗಿಯೇ ಸಿಗುತ್ತದೆ. ಸಿಂಟೆಕ್ಸಿನಿಂದ ಸೋಲಾರಿಗೆ ಹೋಗುವ ಪೈಪು ಬೇರೆಯದೇ ಆಗಿರಬೇಕು, ನಡುವೆ ಮತ್ತಾವ ನಲ್ಲಿಯನ್ನೂ ಅದಕ್ಕೆ ಕೊಡಬಾರದು. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ಹೋಗುವ ಗಾಳಿಪೈಪು ಸಿಂಟೆಕ್ಸಿನ ನೀರಿನ ಮಟ್ಟಕ್ಕಿಂತ ಎತ್ತರವಿರಲಿ, ಅದಕ್ಕೆ ಯಾರೂ ವಾಲ್ವು ಹಾಕದಂತೆ ನೋಡಿಕೋ. ಮೇಲಿನ ಮಹಡಿಯ ಬಚ್ಚಲಿಗೆ ಜೋರಾಗಿ ಸುರಿಯುವ ದೊಡ್ಡ ಶವರ್ ಬೇಕೆಂದು ಅಳಿಯಂದಿರು ಬಯಸಿದ್ದಾರೆ. ಸಾಧಾರಣ ಸೋಲಾರಿಗೆ ಪ್ರೆಷರ್ ಪಂಪನ್ನು ಜೋಡಿಸಿದರೆ ಟ್ಯಾಂಕು ಒಡೆದೀತು. ಆ ಶವರ್ ಬೇಕೇ ಬೇಕೆಂದರೆ ಒತ್ತಡ ತಡೆಯುವ ಬೇರೆ ಬಗೆಯ ಸೋಲಾರನ್ನೇ ಕೊಳ್ಳಬೇಕು, ಇದನ್ನು ಈಗಲೇ ಇಬ್ಬರೂ ಕೂತು ನಿಶ್ಚಯಿಸಿ.

ವಾಸ್ತು ಪ್ರಕಾರ ಹೆಡ್‌ರೂಮ್ ಮತ್ತು ಟ್ಯಾಂಕು ನೈಋತ್ಯದಲ್ಲಿ ಬಂದಿವೆ, ಇರಲಿ. ಡಿಸೆಂಬರಿನಲ್ಲಿ ತುಮಕೂರಿನ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿಯಷ್ಟು ಎತ್ತರದಲ್ಲಿ ಮಾತ್ರ ಇರುತ್ತಾನೆ, ಎಂಟಡಿಯ ಗೋಡೆಯ ನೆರಳು ಆಗ ಆರಡಿ ಚಾಚುತ್ತದೆ; ಬೆಳಿಗ್ಗೆ ಒಂಬತ್ತು ಒಂಬತ್ತೂವರೆಯ ಹೊತ್ತಿಗೆ, ಹಾಗೆಯೇ ಮಧ್ಯಾಹ್ನ ಮೂರರ ಸುಮಾರಿಗೆ ಅದು ಹನ್ನೊಂದು ಹನ್ನೆರಡಡಿಯಷ್ಟಾಗುತ್ತದೆ. ಮಾಗಿಯ ಸಂಜೆಯ ನೆರಳು ನೈಋತ್ಯದಿಂದ ಈಶಾನ್ಯದ ಕಡೆಗೆ ಬೀಳುವುದರಿಂದ ಸೋಲಾರನ್ನು ಆಗ್ನೇಯದಲ್ಲಿ, ದಕ್ಷಿಣಕ್ಕೆ ಮುಖಮಾಡಿಸಿ, ಪ್ಯಾರಪೆಟ್ಟಿನಿಂದ ಮೂರಡಿ ಬಿಟ್ಟು ಇಡಿಸು. ತೆಂಕಣ ಸೈಟಿನವರು ಮುಂದೆ ಎರಡು ಮಹಡಿ ಎಬ್ಬಿಸುವ ಸಾಧ್ಯತೆ ಇದೆಯೇ ಎಂಬುದನ್ನೂ ವಿಚಾರಿಸು. ನೀರು ತುಂಬಿದ 200 ಲೀಟರಿನ ಸೋಲಾರು ಸ್ಟ್ಯಾಂಡು ಸಮೇತ 300 ಕಿಲೋ ತನಕ ತೂಗುವುದರಿಂದ ಅದರ ಕಾಲುಗಳು ಗೋಡೆ ಅಥವಾ ಬೀಮಿನ ನೇರಕ್ಕೆ ಬರುವಂತೆ ಪುಟ್ಟ ಕಟ್ಟೆಗಳನ್ನು ತಾರಸಿಗೆ ಗಾರೆ ಮಾಡುವ ಮೊದಲೇ ಕಟ್ಟಿಸಬೇಕು. ಆಮೇಲೆ ಬಂದು ತಾರಸಿಗೆ ರಂಧ್ರ ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆ.

ಪೈಪಿನ ವಿಚಾರವೇ ನನಗೆ ಎಲ್ಲಕ್ಕಿಂತ ಮುಖ್ಯ. ಈಗಿನ ನಕ್ಷೆಯಂತೆ ಸೋಲಾರಿನಿಂದ ಕೆಳಗಿನ ಬಚ್ಚಲಿಗೆ 60 ಅಡಿ ಪೈಪು ಆಗುತ್ತದೆ. ಮುಕ್ಕಾಲಿಂಚಿನ ಪೈಪಿನೊಳಗೆ ಅಷ್ಟುದ್ದಕ್ಕೆ ಸುಮಾರು ಐದು ಲೀಟರ್ ನೀರು ನಿಂತಿರುತ್ತದೆ. ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವೆ ಗಂಟೆಗಳ ಅಂತರವಿದ್ದರೆ ಪ್ರತಿ ಸಲವೂ ಆ ಐದು ಲೀಟರನ್ನು ಚೆಲ್ಲಿಯೇ ಬಿಸಿನೀರು ಕಾಣಬೇಕು. ಬೋರ್‌ವೆಲ್ಲನ್ನು ನಂಬಿದ ಮನೆಯಲ್ಲಿ ದಿನಕ್ಕೆ 25 ಲೀಟರ್ ಹೀಗೆ ಹೋಗುವುದನ್ನು ನೋಡಲಾಗುವುದಿಲ್ಲ. ಮೇಲಿನ ಬಚ್ಚಲು, ಕೆಳಗಿನ ಬಚ್ಚಲು ಒಂದರ ಮೇಲೊಂದು ಬರುವಂತೆ ಆಗ್ನೇಯದ ಕೋಣೆಗಳ ಪಕ್ಕಕ್ಕೆ ಸರಿಸಲು ಎಂಜಿನಿಯರಿಗೆ ಹೇಳು, ಪೈಪು 25 ಅಡಿಗೆ ಇಳಿಯುತ್ತದೆ, ಚೆಲ್ಲುವುದು ಎರಡೇ ಲೀಟರ್. ಅಡುಗೆಮನೆಗೆ ಸೋಲಾರಿನ ಸಂಪರ್ಕ ಬೇಡವೇ ಬೇಡ. ಪಾತ್ರೆ ತೊಳೆಯಲು ದಿನಕ್ಕೆ ಹತ್ತು ಬಾರಿ ಒಂದೊಂದು ಚೊಂಬು ಬಿಸಿನೀರಿಗಾಗಿ ನಲ್ಲಿ ತಿರುಗಿಸುವಲ್ಲಿ ಬರುವುದೆಲ್ಲ ತಣ್ಣೀರೇ. ಬಿಸಿನೀರಿನ ಪೈಪು ಶಾಖ ತಾಳುವ ಸಿಪಿವಿಸಿ ಪ್ಲಾಸ್ಟಿಕ್ಕಿನದಾಗಿರಲಿ, ಸಾಧಾರಣ ಪಿವಿಸಿ ಆ ಶಾಖಕ್ಕೆ ಮೆತ್ತಗಾಗುತ್ತದೆ. ತಾರಸಿಯ ಮೇಲೆ ಮಾತ್ರವಲ್ಲದೆ ಗೋಡೆಯೊಳಗೂ ಪೈಪಿಗೆ ಶಾಖ ತಡೆಯುವ ಕಪ್ಪು ರಬ್ಬರಿನ ಕವಚ ಹಾಕಿಸಿ ಆಮೇಲೆ ಗಾರೆ ಮುಚ್ಚಿಸಬೇಕು. ಪ್ಲಂಬರ್ ಇದನ್ನು ಅನಗತ್ಯ ಖರ್ಚೆನ್ನಬಹುದು; ನೀನು ಬಿಡಬೇಡ.

ಮಳೆಗಾಲದ ಮೋಡಕ್ಕೆ, ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ನವೆಂಬರಿನಲ್ಲಿ ಹಿಡಿಯುವ ಜಡಿಮಳೆಗೆ ಬೇರೆ ವ್ಯವಸ್ಥೆ ಬೇಕು. ಸೋಲಾರ್ ಟ್ಯಾಂಕಿನೊಳಗೇ ವಿದ್ಯುತ್ತಿನಿಂದ ಕಾಯಿಸುವ ಕಾಯಿಲ್ ಹಾಕಿಸಿದರೆ ಒಬ್ಬರ ಸ್ನಾನಕ್ಕಾಗಿ ಟ್ಯಾಂಕಿನ ಬಹುಭಾಗವನ್ನು ಕಾಯಿಸಬೇಕಾಗುತ್ತದೆ, ಮರೆತು ರಾತ್ರಿಯಿಡೀ ಬಿಟ್ಟರಂತೂ ಬಿಲ್ಲು ಏರುತ್ತದೆ. ಅದಕ್ಕಿಂತ ಅತ್ತೆಯವರ ಬಚ್ಚಲಿನಲ್ಲಿ 15 ಲೀಟರಿನ ಗೀಸರ್ ಇಡಿಸು. 2 ಕಿಲೋವ್ಯಾಟಿನದು ಇಪ್ಪತ್ತೇ ನಿಮಿಷದಲ್ಲಿ, ಮುಕ್ಕಾಲು ಯೂನಿಟ್ಟಿನೊಳಗೆ ಕಾಯಿಸುತ್ತದೆ. ಸೋಲಾರ್ ಇರುವ ಮನೆಗಳಿಗೆ ಬೆಸ್ಕಾಂ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿ ಕೊಡುತ್ತಿತ್ತು, ಈಗಲೂ ಇದೆಯೇ ಎಂದು ಅರ್ಜಿ ಹಾಕುವಾಗ ವಿಚಾರಿಸಿಕೊಳ್ಳಿ. ಆದರೆ ವಿದ್ಯುತ್ ಸಂಪರ್ಕ ಪಡೆಯಲೆಂದು ತೋರಿಕೆಗೆ ಒಂದು ಸೋಲಾರನ್ನು ಕೂರಿಸುವ ಕೆಲಸ ನಿಮ್ಮ ಮನೆಯಲ್ಲಿ ಆಗಬಾರದು.

ಮಕ್ಕಳ ವಿಚಾರವನ್ನು ಒತ್ತಿ ಹೇಳುತ್ತೇನೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಎಳೆಯ ಚರ್ಮಕ್ಕೂ ಮುಪ್ಪಿನ ಚರ್ಮಕ್ಕೂ ಅಷ್ಟೂ ಹೊತ್ತು ಬೇಡ. ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬಂದರೆ ಟ್ಯಾಂಕಿನ ನೀರು 80 ಡಿಗ್ರಿ ದಾಟಿರುತ್ತದೆ. ಎರಡೂ ಬಚ್ಚಲಿಗೆ ಹೋಗುವ ಪೈಪಿಗೆ ಬಿಸಿ ಹೆಚ್ಚಾದಾಗ ತಾನೇ ತಣ್ಣೀರು ಬೆರೆಸುವ ಥರ್ಮೋಸ್ಟ್ಯಾಟಿಕ್ ವಾಲ್ವನ್ನು ಹಾಕಿಸು, ಅದರ ಬೆಲೆಯಲ್ಲಿ ಉಳಿತಾಯ ಮಾಡಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬುದನ್ನು ಮನೆಯವರೆಲ್ಲ ರೂಢಿಸಿಕೊಳ್ಳಲಿ. ಜೋಡಿಸುವ ದಿನ ಬಿಸಿಲಿಗೆ ಕಾದ ಖಾಲಿ ಕೊಳವೆಗಳಿಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ, ಆದ್ದರಿಂದ ಮುಂಜಾನೆಯೇ ತುಂಬಿಸಲು ಹೇಳು, ಆಗ ಮಕ್ಕಳು ತಾರಸಿಯ ಮೇಲೆ ಇರದಿರಲಿ.

ಬಚ್ಚಲುಗಳನ್ನು ಸರಿಸಿದ ನಕ್ಷೆಯನ್ನೂ ನೀರಿನ ಪರೀಕ್ಷೆಯ ವರದಿಯನ್ನೂ ಒಟ್ಟಿಗೆ ಕಳಿಸು. ಮೋಲ್ಡಿನ ದಿನ ಗೊತ್ತಾದರೆ ಅದಕ್ಕೊಂದು ವಾರ ಮುಂಚೆ ನಾನೇ ಬಂದು ಕಟ್ಟೆಗಳ ಜಾಗವನ್ನು ಮೇಸ್ತ್ರಿಯೊಡನೆ ಗುರುತು ಮಾಡಿಕೊಡುತ್ತೇನೆ. ಅತ್ತೆಯವರಿಗೆ ನನ್ನ ನಮಸ್ಕಾರ, ಅಳಿಯಂದಿರಿಗೂ ಮಕ್ಕಳಿಗೂ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಮಾವ