ಚೀಟಿ ಓದದೆ ಮಾಡಿದ ರಿಪೇರಿ: ಹೊಗೆ ಪರೀಕ್ಷೆಯ ಬಗ್ಗೆ ಸರ್ವಿಸ್ ಸೆಂಟರಿಗೆ ದೂರು ಪತ್ರ

ಇಂದ,
ನಿಮ್ಮ ಗ್ರಾಹಕ, ಬದಿಯಡ್ಕ
(ಹೆಸರು, ಗಾಡಿ ನಂಬರ್ ನಿಮ್ಮ ಜಾಬ್ ಕಾರ್ಡಿನಲ್ಲಿದೆ)

ಗೆ,
ಮ್ಯಾನೇಜರ್,
ಮಲ್ಟಿಬ್ರಾಂಡ್ ಕಾರ್ ಸರ್ವಿಸ್ ಸೆಂಟರ್, ಕಾಸರಗೋಡು

ವಿಷಯ: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (2005 ಮಾಡೆಲ್) ಪೊಲ್ಯೂಷನ್ ಟೆಸ್ಟ್ ಪಾಸ್ ಮಾಡಿಸುವುದಾಗಿ ಹೇಳಿ ಬೇಡದ ರಿಪೇರಿಗೆ 58,400 ರೂಪಾಯಿ ತೆಗೆದುಕೊಂಡದ್ದು, ಹಳೆಯ ಪಾರ್ಟ್ ವಾಪಸ್ ಕೊಡದೆ ಇರುವುದು.

ಮಾನ್ಯರೇ,

ನನ್ನ ಕಾರು ಹೊಗೆ ಪರೀಕ್ಷೆಯಲ್ಲಿ ಫೇಲ್ ಆಗಿತ್ತು. ಅದನ್ನು ಸರಿ ಮಾಡಿ ಕೊಡಿ ಎಂದು ನಿಮ್ಮಲ್ಲಿಗೆ ತಂದೆ. ತರುವಾಗ ಟೆಸ್ಟ್ ಸೆಂಟರ್ ಕೊಟ್ಟ ಚೀಟಿಯನ್ನೂ ಕೌಂಟರಿನಲ್ಲಿ ಕೊಟ್ಟಿದ್ದೆ. ಆ ಚೀಟಿಯನ್ನು ನಿಮ್ಮಲ್ಲಿ ಯಾರೂ ಓದಲಿಲ್ಲ. ನನ್ನ ದೂರಿನ ಮೂಲ ಇಷ್ಟೇ. ಉಳಿದ ತೊಂದರೆಗಳೆಲ್ಲ ಅಲ್ಲಿಂದಲೇ ಶುರುವಾದವು.

ಚೀಟಿಯಲ್ಲಿ ಇದ್ದದ್ದು ಹೀಗೆ: ಕಾರ್ಬನ್ ಮೊನಾಕ್ಸೈಡ್ 0.28 ಶೇಕಡ, ಹೈಡ್ರೋಕಾರ್ಬನ್ 1140 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1140). ಭಾರತ್ ಸ್ಟೇಜ್ (ಸರಕಾರದ ಹೊಗೆ ನಿಯಮದ ಹಂತ) 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ಗಾಡಿ ನಿಂತು ಎಂಜಿನ್ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಇರುವ ಮಿತಿ 0.5 ಶೇಕಡ ಮತ್ತು 750 ಪಿಪಿಎಂ. ಅಂದರೆ ಮೊದಲನೆಯದು ಪಾಸ್, ಎರಡನೆಯದು ಮಾತ್ರ ಫೇಲ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾರಿನ ಕಷ್ಟ ಎಲ್ಲಿದೆ ಎಂದು ಅರ್ಧ ಗೊತ್ತಾಗುತ್ತದೆ. ಪೆಟ್ರೋಲ್ ಜಾಸ್ತಿ ಹೋಗಿ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಅದು ಏರದೆ ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ, ಪೆಟ್ರೋಲ್ ಉರಿಯದೆ ಹಸಿಯಾಗಿಯೇ ಹೊರಗೆ ಬರುತ್ತಿದೆ ಎಂದು ಮೊದಲು ಅನುಮಾನ ಪಡಬೇಕು. ಯಾವುದೋ ಸಿಲಿಂಡರ್‌ನಲ್ಲಿ ಕಿಡಿ ಸರಿಯಾಗಿ ಬೀಳುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ಎಳೆದುಕೊಂಡು ಎಂಜಿನ್ ಮಿಸ್ಸಿಂಗ್ ಆಗುತ್ತಿದೆ (ಒಮ್ಮೊಮ್ಮೆ ಉರಿಯದೆ ತಪ್ಪುತ್ತಿದೆ). ಚೀಟಿಯಲ್ಲಿ ಆಮ್ಲಜನಕದ ಅಂಕಿಯೂ ಇತ್ತು, ಅದೂ ಜಾಸ್ತಿ ಇತ್ತು. ಮಿಸ್ಸಿಂಗ್ ಎನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಇದು ನಾನು ಹೊಸದಾಗಿ ಕಂಡುಹಿಡಿದ ಸಂಗತಿ ಅಲ್ಲ. ಗ್ಯಾಸ್ ಅನಲೈಸರ್ ಬಳಸುವ ಯಾವ ಮೆಕ್ಯಾನಿಕ್‌ನನ್ನು ಕೇಳಿದರೂ ಹೇಳುತ್ತಾನೆ. ನಿಮ್ಮ ವರ್ಕ್‌ಶಾಪಿನ ಗೋಡೆಯಲ್ಲಿ ‘ಕಂಪ್ಯೂಟರೈಸ್ಡ್ ಎಂಜಿನ್ ಟ್ಯೂನಿಂಗ್’ ಎಂದು ದೊಡ್ಡ ಬೋರ್ಡ್ ಇದೆ. ಅದನ್ನು ನಂಬಿಯೇ ನಾನು ಬಂದದ್ದು.

ನೀವು ಮಾಡಿದ್ದೇನು? ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದ ದಾಖಲೆ ಜಾಬ್ ಕಾರ್ಡಿನಲ್ಲಿ ಎಲ್ಲಿಯೂ ಇಲ್ಲ. ಪ್ಲಗ್ ಬಿಚ್ಚಿ ನೋಡಿದ ದಾಖಲೆ ಇಲ್ಲ. ‘ಹಳೆ ಗಾಡಿ ಅಲ್ವಾ ಸರ್, ಕ್ಯಾಟ್ ಹೋಗಿರುತ್ತದೆ’ ಎಂದು ನಿಮ್ಮ ಸರ್ವಿಸ್ ಅಡ್ವೈಸರ್ ಹೇಳಿದರು. ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯನ್ನು ಶುದ್ಧ ಮಾಡುವ ಭಾಗ. ಬಿಲ್ಲಿನಲ್ಲಿ ಅದಕ್ಕೆ 38,500, ಆಕ್ಸಿಜನ್ ಸೆನ್ಸರ್ 9,200, ಇಂಜೆಕ್ಟರ್ ಕ್ಲೀನಿಂಗ್ 2,800, ಎಂಜಿನ್ ಫ್ಲಶ್ ಮತ್ತು ಪೆಟ್ರೋಲಿಗೆ ಹಾಕುವ ಔಷಧಿ 1,900, ಲೇಬರ್ 6,000. ರಕ್ತ ಪರೀಕ್ಷೆಯ ರಿಪೋರ್ಟನ್ನು ಪಕ್ಕಕ್ಕಿಟ್ಟು ಆಪರೇಷನ್ ಮಾಡಿದ ಹಾಗಾಯಿತು ಇದು.

ಇಷ್ಟೆಲ್ಲ ಆದ ಮೇಲೆ ಮತ್ತೆ ಟೆಸ್ಟ್ ಮಾಡಿಸಿದೆ. ಹೈಡ್ರೋಕಾರ್ಬನ್ 960. ಮತ್ತೆ ಫೇಲ್.

ಈಗ ನಿಜವಾಗಿ ತೊಂದರೆ ಎಲ್ಲಿತ್ತು ಎಂದು ಹೇಳುತ್ತೇನೆ. ಕುಂಬಳೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಚಿಕ್ಕ ಶೆಡ್, ಬೋರ್ಡ್ ಕೂಡ ಇಲ್ಲ. ಅವರು ಮೊದಲು ಕೇಳಿದ್ದು ಚೀಟಿ. ಕನ್ನಡಕ ಹಾಕಿ ಎರಡೂ ಚೀಟಿಗಳನ್ನು ಓದಿದರು. ಆಮೇಲೆ ಸ್ಕ್ಯಾನರ್ ಹಾಕಿದರು. ಪಿ 0303 ಎಂದು ಬಂತು, ಅಂದರೆ 3ನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್. ‘ಕಾಯಿಲ್ ಅದಲು ಬದಲು ಮಾಡಿ ನೋಡುವ’ ಎಂದರು. ಈ ಎಂಜಿನ್‌ನಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೆ ಅದರದ್ದೇ ಇಗ್ನಿಷನ್ ಕಾಯಿಲ್ (ಕಿಡಿಗೆ ವಿದ್ಯುತ್ ಕೊಡುವ ಭಾಗ) ಕೂತಿರುತ್ತದೆ. 3ನೆಯದನ್ನು ತೆಗೆದು 2ಕ್ಕೆ ಹಾಕಿದರು, 2ರದ್ದನ್ನು 3ಕ್ಕೆ. ಹಳೆಯ ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿದರು. ಮಿಸ್ಸಿಂಗ್ ಕಾಯಿಲ್ ಹಿಂದೆಯೇ ಹೋಯಿತು. ಈ ಸಲ ಪಿ 0302. ಕಾಯಿಲ್ ಹೋಗಿದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಇದಕ್ಕೆ ಅವರಿಗೆ ಒಂದು ಪೈಸೆಯ ಪಾರ್ಟ್ ಬೇಕಾಗಲಿಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. ಐಡ್ಲಿಂಗ್ ಇನ್ನೂ ಸ್ವಲ್ಪ ಏರಿಳಿತ ಇದೆ ಎಂದು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದರು. ಅಲ್ಲಿ ಬ್ರೀದರ್ ಹೋಸ್, ಅಂದರೆ ಎಂಜಿನ್ ಒಳಗಿನ ಆವಿಯನ್ನು ಎಳೆದೊಯ್ಯುವ ರಬ್ಬರ್ ಪೈಪ್, ಹಾದು ಹೋಗುತ್ತದೆ. ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಸುಮ್ನೆ ನೋಡಿದರೆ ಏನೂ ಕಾಣುವುದಿಲ್ಲ. ಬೆಂಡಿನ ಒಳಬದಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಉದ್ದಕ್ಕೆ ಬಾಯಿ ಬಿಡುತ್ತದೆ. ರಬ್ಬರು ಎಣ್ಣೆ ಕುಡಿದು, ಬಿಸಿಗೆ ಬೆಂದು ಬಿರುಕು ಬಿಟ್ಟಿತ್ತು. ಏರ್‌ಫ್ಲೋ ಸೆನ್ಸರ್ ಅಳೆಯದ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಕಾಯಿಲ್ 3,400, ಹೋಸ್ 1,800, ಕೂಲಿ 1,500. ಒಟ್ಟು 6,700 ರೂಪಾಯಿ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದೇ ಟೆಸ್ಟ್ ಸೆಂಟರಿನಲ್ಲಿ, ಅದೇ ಮೆಷಿನ್‌ನಲ್ಲಿ ಟೆಸ್ಟ್ ಆಯಿತು. ಹೈಡ್ರೋಕಾರ್ಬನ್ 160, ಕಾರ್ಬನ್ ಮೊನಾಕ್ಸೈಡ್ 0.12. ಪಾಸ್.

ಮೂರೂ ಚೀಟಿಗಳ ಪ್ರತಿ ಇದರ ಜೊತೆಗಿದೆ. ನಿಮ್ಮ 38,500ರ ಪಾರ್ಟ್ ಹಾಕಿದಾಗ ಇಳಿದದ್ದು 180. ಒಂದು ಕಾಯಿಲ್, ಒಂದು ಹೋಸ್ ಹಾಕಿದಾಗ ಇಳಿದದ್ದು 800. ಈ ಲೆಕ್ಕಕ್ಕೆ ನಿಮ್ಮ ಉತ್ತರ ಏನು?

ಹೊಸ ಕ್ಯಾಟ್ ಇದ್ದುದರಿಂದಲೇ ಕೊನೆಗೆ ಪಾಸ್ ಆಯಿತು ಎಂದು ನೀವು ಹೇಳಬಹುದು. ಅದನ್ನು ಪರೀಕ್ಷಿಸಲು ನಾನು ತಯಾರಿದ್ದೇನೆ. ಆದರೆ ಪರೀಕ್ಷಿಸಬೇಕಾದರೆ ಹಳೆಯ ಕ್ಯಾಟ್ ಬೇಕು, ಅಲ್ವಾ? ಅದೆಲ್ಲಿದೆ? ನೀವು ಗಾಡಿ ವಾಪಸ್ ಕೊಡುವಾಗಲೇ ಕೇಳಿದ್ದೆ. ‘ಸ್ಕ್ರ್ಯಾಪ್‌ಗೆ ಹೋಯ್ತು ಸರ್’ ಎಂದರು. ಯಾರ ಒಪ್ಪಿಗೆಯಿಂದ ಹೋಯಿತು? ಬದಲಿಸಿದ ಪಾರ್ಟುಗಳನ್ನು ವಾಪಸ್ ಕೊಡಬೇಕು ಎನ್ನುವ ಖಾನೆಗೆ ನಾನು ಟಿಕ್ ಹಾಕಿದ್ದೇನೆ, ನಿಮ್ಮ ಜಾಬ್ ಕಾರ್ಡಿನಲ್ಲೇ ಇದೆ. ಹಳೆಯ ಸೆನ್ಸರನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿರಿ. ಕ್ಯಾಟ್ ಮಾತ್ರ ಇಲ್ಲ. ಕ್ಯಾಟ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಗುಜರಿಯವರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ. ಕಂಪನಿಯಿಂದಲೇ ಬಂದ ಒರಿಜಿನಲ್ ಕ್ಯಾಟ್ ಆದರೆ ಇನ್ನೂ ಜಾಸ್ತಿ. ಅದು ನನ್ನ ಸೊತ್ತು. ನನ್ನನ್ನು ಕೇಳದೆ ಮಾರುವ ಹಕ್ಕು ನಿಮಗಿಲ್ಲ.

ಇನ್ನೊಂದು ವಿಷಯ. ಮಿಸ್ಸಿಂಗ್ ಸರಿ ಮಾಡದೆ ಹೊಸ ಕ್ಯಾಟ್ ಹಾಕಿ ಗಾಡಿ ಓಡಿಸಿದರೆ ಆ ಹೊಸದೂ ಹಾಳಾಗುತ್ತದೆ. ಉರಿಯದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ, ಶಾಖಕ್ಕೆ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗುತ್ತದೆ. ನಿಮ್ಮ ಮಾತು ನಂಬಿ ನಾನು ಅದೇ ಸ್ಥಿತಿಯಲ್ಲಿ ಗಾಡಿ ಓಡಿಸಿದ್ದೇನೆ. ಈಗ ಅದರ ಆಯುಸ್ಸು ಎಷ್ಟು ಕಡಿಮೆಯಾಗಿದೆ ಎಂದು ಯಾರು ಹೇಳಬೇಕು?

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದ ಸಂಗತಿ. ಎರಡನೇ ಸಲ ಫೇಲ್ ಆದ ಚೀಟಿ ಹಿಡಿದು ಬಂದಾಗ ನಿಮ್ಮ ಅಡ್ವೈಸರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಹಾಗೆಯೇ ಬರೆಯುತ್ತೇನೆ: ‘ಸುಮ್ನೆ ಯಾಕೆ ತಲೆಬಿಸಿ ಸರ್? ನಮಗೆ ಪರಿಚಯದ ಒಂದು ಸೆಂಟರ್ ಇದೆ. ಬೇರೆ ಗಾಡಿಯ ಸೈಲೆನ್ಸರಿಗೆ ಪೈಪ್ ಹಾಕಿ ನಿಮ್ಮ ನಂಬರಿಗೆ ಸರ್ಟಿಫಿಕೇಟ್ ಮಾಡಿಸಿ ಕೊಡ್ತೇವೆ.’ ನಾನು ಬೇಡ ಎಂದೆ. ‘ಎಲ್ಲರೂ ಮಾಡಿಸ್ತಾರೆ’ ಎಂದರು.

ಎಲ್ಲರೂ ಮಾಡಿಸುವುದಿಲ್ಲ. ನನ್ನ ಗಾಡಿಯಿಂದ ಹಸಿ ಪೆಟ್ರೋಲಿನ ಹೊಗೆ ಬರುತ್ತಿದ್ದರೆ ಅದನ್ನು ಕುಡಿಯುವವರು ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುವ ಶಾಲೆ ಮಕ್ಕಳು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಿಲ್ಲೆ ಇದು. ಎಣ್ಮಕಜೆಯ ಪಡ್ರೆಯಲ್ಲಿ ಇವತ್ತಿಗೂ ಅದರ ನೋವು ತಿನ್ನುತ್ತಿರುವ ಮನೆಗಳಿವೆ. ಗಾಳಿಯಲ್ಲಿ ಏನು ಬಿಟ್ಟರೂ ನಡೆಯುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಹೇಳಬಾರದು. ಒಂದು ಕಾರಿನ ಹೊಗೆಯನ್ನೂ ಎಂಡೋಸಲ್ಫಾನನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಪರೀಕ್ಷೆಗೆ ಒಂದು ಅರ್ಥ ಇರಬೇಕು ಎನ್ನುತ್ತಿದ್ದೇನೆ.

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಮೇಲೆ ಜನರಿಗೆ ಮೊದಲೇ ಅನುಮಾನ. ಹೊಗೆ ಬಿಡುವ ಗಾಡಿ, ಶೋಕಿಗೆ ಇಟ್ಟುಕೊಂಡಿದ್ದಾನೆ ಎನ್ನುತ್ತಾರೆ. 1.8 ಲೀಟರಿನ, 20 ವಾಲ್ವ್‌ಗಳ ಈ ಟರ್ಬೊ ಎಂಜಿನ್ ಇವತ್ತಿಗೂ ಎಷ್ಟು ಶುದ್ಧವಾಗಿ ಉರಿಯಬಲ್ಲದು ಎನ್ನುವುದಕ್ಕೆ ಆ 160 ಎನ್ನುವ ಅಂಕಿಯೇ ಸಾಕ್ಷಿ. 150 ಅಶ್ವಶಕ್ತಿಯ ಈ ಗಾಡಿಯನ್ನು ಪೆರ್ಲ ದಾಟಿ ಅಡ್ಕಸ್ಥಳದ ತಿರುವುಗಳಲ್ಲಿ ಓಡಿಸುವುದು ನನಗೆ ಖುಷಿ. ಆ ಖುಷಿಗೆ ಬೇಕಾದ ಖರ್ಚನ್ನು ನಾನು ನ್ಯಾಯವಾಗಿಯೇ ಕೊಡುತ್ತಾ ಬಂದಿದ್ದೇನೆ. 15 ವರ್ಷ ದಾಟಿದ್ದಕ್ಕೆ ಗ್ರೀನ್ ಟ್ಯಾಕ್ಸ್ ಕಟ್ಟಿದ್ದೇನೆ. 20 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದರು, ಅದನ್ನೂ ಕಟ್ಟುತ್ತೇನೆ. ನಮ್ಮಂಥ ಹಳೆಯ ಗಾಡಿಗಳಿಗೆ 6 ತಿಂಗಳಿಗೊಮ್ಮೆ ಪೊಲ್ಯೂಷನ್ ಸರ್ಟಿಫಿಕೇಟ್ ಬೇಕು, ಅದಕ್ಕೂ ನನ್ನ ತಕರಾರಿಲ್ಲ. ಸರ್ಟಿಫಿಕೇಟ್ ಇಲ್ಲದೆ ರಸ್ತೆಗೆ ಇಳಿದರೆ 10,000 ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಈ ಹೆದರಿಕೆಯಲ್ಲಿ ಇರುವ ಗ್ರಾಹಕನಿಗೆ ಏನು ಹೇಳಿದರೂ ಒಪ್ಪುತ್ತಾನೆ ಎಂದು ನಿಮ್ಮವರಿಗೆ ಗೊತ್ತು. ಅದರ ಲಾಭ ತೆಗೆದುಕೊಳ್ಳುವುದು ತಪ್ಪು.

ನಿಮ್ಮಲ್ಲಿ ಕೆಲಸ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಬೋನೆಟ್ ತೆಗೆದ ಹುಡುಗ ‘ಮಿಸ್ಸಿಂಗ್ ಇದ್ದ ಹಾಗೆ ಕೇಳ್ತದೆ’ ಎಂದು ನನ್ನೆದುರಿಗೇ ಹೇಳಿದ್ದ. ಅವನ ಮಾತನ್ನು ಜಾಬ್ ಕಾರ್ಡಿಗೆ ಬರೆಯದೆ ಬಿಟ್ಟದ್ದು ಕೌಂಟರಿನವರು. ಪಾರ್ಟ್ ಮಾರಿದಷ್ಟು ಲಾಭ ಎನ್ನುವ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ನೀವೇ ನೋಡಿಕೊಳ್ಳಬೇಕು.

ಈಗ ನಾನು ಕೇಳುವುದು ಇದನ್ನು. ಹಳೆಯ ಕ್ಯಾಟಲಿಟಿಕ್ ಕನ್ವರ್ಟರ್ ನಿಮ್ಮಲ್ಲಿ ಇದ್ದರೆ ತೋರಿಸಿ. ಇಬ್ಬರಿಗೂ ಒಪ್ಪಿಗೆಯಾಗುವ ಮೂರನೆಯ ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡಿಸುವ. ಅದು ಕರಗಿದ್ದರೆ, ಒಡೆದಿದ್ದರೆ 38,500 ರೂಪಾಯಿಯನ್ನು ನಾನು ಮತ್ತೆ ಕೇಳುವುದಿಲ್ಲ. ಆದರೆ ಹೊಸದಕ್ಕೆ ಒಂದು ವರ್ಷದ ವಾರಂಟಿಯನ್ನು ಬರವಣಿಗೆಯಲ್ಲಿ ಕೊಡಬೇಕು. ಅದು ಸರಿಯಾಗಿಯೇ ಇದ್ದರೆ, ಇಲ್ಲವೇ ತೋರಿಸಲು ಆಗದಿದ್ದರೆ ಆ ಹಣವೂ ಪೂರ್ತಿ ವಾಪಸ್ ಬರಬೇಕು. ಸೆನ್ಸರ್, ಇಂಜೆಕ್ಟರ್ ಕ್ಲೀನಿಂಗ್, ಫ್ಲಶ್, ಲೇಬರ್ ಸೇರಿ 19,900 ರೂಪಾಯಿ ಮಾತ್ರ ಯಾವ ಸ್ಥಿತಿಯಲ್ಲೂ ಹಿಂದಕ್ಕೆ ಕೊಡಬೇಕು, ಏಕೆಂದರೆ ಆ ಕೆಲಸಕ್ಕೆ ಕಾರಣವೇ ಇರಲಿಲ್ಲ. ಬೇರೆ ಗಾಡಿಯ ಹೊಗೆಯಿಂದ ಸರ್ಟಿಫಿಕೇಟ್ ಮಾಡಿಸಿಕೊಡುವ ವ್ಯವಹಾರ ನಿಮ್ಮ ಕೌಂಟರಿನಲ್ಲಿ ನಡೆಯುತ್ತಿದೆಯಾ, ನಡೆಯುತ್ತಿದ್ದರೆ ನೀವು ಏನು ಕ್ರಮ ತೆಗೆದುಕೊಂಡಿರಿ ಎನ್ನುವುದಕ್ಕೂ ಬರವಣಿಗೆಯಲ್ಲಿ ಉತ್ತರ ಬೇಕು.

ಈ ಪತ್ರ ಸಿಕ್ಕಿದ 15 ದಿನಗಳ ಒಳಗೆ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸುತ್ತೇನೆ. ಸರ್ಟಿಫಿಕೇಟ್ ವಿಷಯವನ್ನು ಆರ್‌ಟಿಒ ಕಚೇರಿಗೆ ಬೇರೆಯೇ ಬರೆಯುತ್ತೇನೆ. ಇದು ಬೆದರಿಕೆ ಅಲ್ಲ, ಮುಂಚಿತವಾಗಿ ತಿಳಿಸುತ್ತಿದ್ದೇನೆ ಅಷ್ಟೇ.

ಜಾಬ್ ಕಾರ್ಡ್, ನಿಮ್ಮ ಬಿಲ್, ಕುಂಬಳೆಯ ಬಿಲ್, ಮೂರು ಟೆಸ್ಟ್ ಚೀಟಿ, ಎರಡು ಸ್ಕ್ಯಾನ್ ರಿಪೋರ್ಟ್ ಎಲ್ಲದರ ಪ್ರತಿ ಲಗತ್ತಿಸಿದ್ದೇನೆ. ಹೋದ ಕಾಯಿಲ್ ಮತ್ತು ಬಿರುಕು ಬಿಟ್ಟ ಹೋಸ್ ನನ್ನ ಹತ್ತಿರ ಇವೆ. ನಿಮ್ಮ ಟೆಕ್ನಿಷಿಯನ್ ಯಾವ ದಿನ ಬಂದರೂ ತೋರಿಸುತ್ತೇನೆ, ಬರುವ ಮೊದಲು ಒಂದು ಫೋನ್ ಮಾಡಲಿ.

ಇಂತಿ,
ನಿಮ್ಮ ಗ್ರಾಹಕ