ಹದಿನಾಲ್ಕು ಮನೆಗಳು

ಮೊನ್ನೆ ಭಾನುವಾರ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ನನ್ನ ಕಾಮಿಕ್ಸ್ ಪುಸ್ತಕದ ಪ್ರತಿಗಳನ್ನು ಹಂಚಿದೆ. 48 ಪುಟ. ಮಗುವಿಗಾಗಿ ನಾಲ್ಕು ವರ್ಷದ ಚಿಕಿತ್ಸೆ, ಮೂರು ಸಲ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಬಿಡುವುದು), ಎಲ್ಲಾ ಅದರಲ್ಲಿದೆ. ಮಗು ಆಗಲಿಲ್ಲ. ಚಿಕಿತ್ಸೆ ನಿಲ್ಲಿಸಿ ಒಂದು ವರ್ಷವಾಯ್ತು. ಅವತ್ತು ಗಂಟಲು ಕಟ್ಟಿ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಪುಣೆಯ ಗೆಳತಿಗೆ. ಎರಡನೇ ಸಲವೂ ಫೇಲ್ ಆದಾಗ ಅವಳು ಸಮಾಧಾನ ಹೇಳಲಿಲ್ಲ, ಪೌಲಾ ನೈಟ್ ಅವರ ‘ದಿ ಫ್ಯಾಕ್ಟ್ಸ್ ಆಫ್ ಲೈಫ್’ ಕಳಿಸಿದಳು. 2017ರಲ್ಲಿ ಬಂದ ಕಾಮಿಕ್ಸ್. ತಮಗೆ ತಾನಾಗೇ ಆದ ಗರ್ಭಪಾತ, ಆಮೇಲಿನ ಮಕ್ಕಳಿಲ್ಲದ ಬದುಕು, ಎರಡನ್ನೂ ಅವರು ಚಿತ್ರದಲ್ಲೇ ಹೇಳಿದ್ದಾರೆ. ಅಲ್ಲಿಯವರೆಗೆ ನಾನು ಓದಿದ ಕಥೆಗಳೆಲ್ಲ ಕೊನೆಗೆ ಒಂದು ತೊಟ್ಟಿಲು ತೂಗುತ್ತಿದ್ದವು. ಇದರಲ್ಲಿ ತೊಟ್ಟಿಲಿಲ್ಲ. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ. ಕಾಯಿಲೆ, ಚಿಕಿತ್ಸೆಯ ಕಥೆ ಹೇಳುವ ಇಂಥ ಕಾಮಿಕ್ಸ್‌ಗಳಿಗೆ ‘ಗ್ರಾಫಿಕ್ ಮೆಡಿಸಿನ್’ ಅಂತ ಹೆಸರಿಟ್ಟ ಇಯಾನ್ ವಿಲಿಯಮ್ಸ್ ಸ್ವತಃ ಡಾಕ್ಟರು, ಕಾಮಿಕ್ಸ್ ಬರೆಯುವವರು. ಡಾಕ್ಟರೇ ಬರೆಯುತ್ತಾರೆ ಅಂದ್ಮೇಲೆ ನಾನ್ಯಾಕೆ ಹೆದರಲಿ ಅನಿಸಿತು. ಒಂದು ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ನನಗೆ ಸ್ಕ್ಯಾನ್ ಮಾಡುತ್ತಾ, ನನ್ನ ಮುಖವನ್ನೂ ನೋಡದೆ, ‘ಎಗ್ಸ್ ಕಡಿಮೆ’ ಅಂದಿದ್ದರು. ಆಗ ನಾನು ದಿಟ್ಟಿಸುತ್ತಿದ್ದ ಫ್ಯಾನಿಗೆ ಒಂದು ಪೂರ್ತಿ ಪುಟ ಕೊಟ್ಟಿದ್ದೇನೆ.

ನನ್ನ ಗಂಡನಿಗೆ. ದಿನಾ ಸಂಜೆ ಹೊಟ್ಟೆಗೆ ಇಂಜೆಕ್ಷನ್. ಬಂದವರಿಗೆ ಕಾಣದಿರಲಿ ಅಂತ ಔಷಧವನ್ನು ಫ್ರಿಜ್ಜಿನಲ್ಲಿ ಕುಂದಾ ಡಬ್ಬಿಯ ಹಿಂದೆ ಇಡುತ್ತಿದ್ದೆವು. ಅವರು ಅದನ್ನು ತೆಗೆದು ಸ್ವಲ್ಪ ಹೊತ್ತು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದರು, ತಣ್ಣಗಿದ್ದರೆ ನೋವು ಜಾಸ್ತಿ ಅಂತ. ಆ ಅಂಗೈ ಬರೆಯಲು ಎಷ್ಟೋ ಹಾಳೆ ಹೋದವು.

ಖಡೇಬಜಾರಿನ ಝೆರಾಕ್ಸ್ ಅಣ್ಣನಿಗೆ. ಎರಡು ಪುಟ ನೋಡಿ, “ಅಕ್ಕಾರ, ಇವು ಮಂದಿ ಮುಂದ ಬ್ಯಾಡ್ರಿ, ಅಂಗಡಿ ಮುಚ್ಚೂ ಹೊತ್ತಿಗೆ ಬರ್ರಿ” ಅಂದರು. ಶಟರ್ ಅರ್ಧ ಇಳಿಸಿ ಒಬ್ಬರೇ ಕೂತು ಮಾಡಿಕೊಟ್ಟರು.

ಇನ್ನು ನಮ್ಮ ಅತ್ತೆಗೆ. ಭ್ರೂಣ ಗರ್ಭಕ್ಕೆ ಬಿಟ್ಟ ಮೇಲೆ ರಕ್ತಪರೀಕ್ಷೆಗೆ ಸುಮಾರು ಎರಡು ವಾರ ಕಾಯಬೇಕು. ಆ ದಿನಗಳನ್ನು ಒಂದೇ ಪುಟದಲ್ಲಿ ಹದಿನಾಲ್ಕು ಚೌಕ ಮಾಡಿದ್ದೆ. ಹೆಚ್ಚಿನವುಗಳಲ್ಲಿ ಅದೇ ಕಿಟಕಿ, ಅದೇ ಒಣಹಾಕಿದ ಬಟ್ಟೆ. ಕೆಲವು ಸುಮ್ನೆ ಖಾಲಿ. ಅತ್ತೆ ಆ ಪುಟ ದಾಟಲೇ ಇಲ್ಲ. ಚೌಕಾಬಾರಾ ಆಡಿದ ಕೈ, ಅವರಿಗೆ ಚೌಕ ಅಂದ್ರೆ ಮನೆ. ಎಂಟನೆಯದರ ಮೇಲೆ ಬೆರಳಿಟ್ಟು ಕೇಳಿದರು:

“ಈ ಮನ್ಯಾಗ ಏನೂ ಇಲ್ಲಲ್ಲ?”

“ಅವತ್ತ ಏನೂ ಆಗಲಿಲ್ರಿ ಅತ್ತಿ. ಬರೇ ಕಾದೆ.”

“ಒಬ್ಬಾಕಿನ?”

ನಾನು ಹೂಂ ಅಂದೆ. ಅವರು ಬೆರಳು ತೆಗೆಯಲಿಲ್ಲ. ಒಂದೊಂದೇ ಮನೆ ಮುಟ್ಟುತ್ತಾ ಹದಿನಾಲ್ಕರವರೆಗೆ ಬಂದರು. ನನಗಾಗಿ ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತವರು ಅವರು. ತಿಂಗಳಾದರೆ “ಏನರ ವಿಶೇಷ ಐತೇನ?” ಅಂತ ಕೇಳುತ್ತಿದ್ದವರೂ ಅವರೇ. ಅದಾದ ಮೇಲೆ ಒಮ್ಮೆಯೂ ಕೇಳಿಲ್ಲ. ಹೋದ ವಾರ ಯಾರದೋ ಕುಬಸದಲ್ಲಿ ಬೇರೆಯವರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ “ಆಕಿ ಪುಸ್ತಕ ಬರದಾಳ, ಓದ್ರಿ” ಅಂದರು.

ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಮಕ್ಕಳಾಗದ ಈ ತೊಂದರೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾನೋ ನಮ್ಮ ಓಣಿಗೆಲ್ಲ ನಾನೊಬ್ಬಳೇ ಅಂದುಕೊಂಡಿದ್ದೆ. ಭಾನುವಾರ ಇಬ್ಬರು ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ತಮ್ಮ ಮಾತು ಹೇಳಿದರು. ನನ್ನನ್ನು ನಂಬಿದ ನಿಮ್ಮಿಬ್ಬರಿಗೂ ಥ್ಯಾಂಕ್ಸ್.

ಇನ್ನೂ ಒಂಬತ್ತು ಪ್ರತಿ ಉಳಿದಿವೆ. ಈಗ ಸ್ಕ್ಯಾನಿಗೆ ಓಡಾಡುತ್ತಿರುವವರು ಯಾರಾದರೂ ಇದ್ದರೆ ಕೇಳಿ, ತಂದುಕೊಡುತ್ತೇನೆ. ಪುಸ್ತಕದ ಕೊನೆಯ ನಾಲ್ಕು ಪುಟಗಳಲ್ಲಿ ಬರೀ ಮನೆಗಳನ್ನು ಗೆರೆ ಹಾಕಿ ಬಿಟ್ಟಿದ್ದೇನೆ. ಅವು ನಿಮಗೆ.