ಎಲ್ ನಿಡೊ ದೋಣಿ ಪ್ರವಾಸ: ನೀವು ಮಾರಿದ್ದು ಒಂದು, ಅಲ್ಲಿ ಸಿಕ್ಕಿದ್ದು ಇನ್ನೊಂದು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಫಿಲಿಪೀನ್ಸ್ ಪ್ಯಾಕೇಜ್‌ನ ಎಲ್ ನಿಡೊ ‘ಕಂಫರ್ಟ್ ಐಲ್ಯಾಂಡ್ ಹಾಪಿಂಗ್’ ದಿನದ ಬಗ್ಗೆ ದೂರು, ಹಣ ವಾಪಸ್ ಕೊಡುವ ಬಗ್ಗೆ

ನಮಸ್ಕಾರ.

ನಿಮ್ಮ ಬೆಂಗಳೂರು ಆಫೀಸಿನಿಂದ ತೆಗೆದುಕೊಂಡ ಪ್ಯಾಕೇಜ್‌ನಲ್ಲಿ ವಿಮಾನ, ಹೋಟೆಲ್, ಪುಯೆರ್ಟೊ ಪ್ರಿನ್ಸೆಸಾದಿಂದ ಎಲ್ ನಿಡೊವರೆಗಿನ ವ್ಯಾನ್ ಎಲ್ಲ ಸರಿಯಾಗಿಯೇ ಇತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ದೂರು ಒಂದು ದಿನದ್ದು ಮಾತ್ರ, ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸುತ್ತುವ ‘ಐಲ್ಯಾಂಡ್ ಹಾಪಿಂಗ್’ ದಿನದ್ದು. ಆದರೆ ಆ ಒಂದು ದಿನ ನೋಡಿಯೇ ನಾವು ಈ ಪ್ಯಾಕೇಜ್ ಆರಿಸಿದ್ದು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದು ಅಂತ ಧೈರ್ಯ ಬಂದಿದ್ದೂ ಅದರಿಂದಲೇ.

ನೀವು ಬರೆದುಕೊಟ್ಟಿದ್ದು ಏನು ಅಂತ ಮೊದಲು ನೆನಪಿಸುತ್ತೇನೆ. ದೊಡ್ಡ ದೋಣಿ, ಮೆತ್ತನೆ ಸೀಟು, ಪೂರ್ತಿ ನೆರಳು, ದೋಣಿಯಲ್ಲೇ ಟಾಯ್ಲೆಟ್, ಹೆಚ್ಚೆಂದರೆ 12 ಜನ. ಬಿಗ್ ಲಗೂನ್, ಸ್ಮಾಲ್ ಲಗೂನ್, ಸೀಕ್ರೆಟ್ ಲಗೂನ್ (ಲಗೂನ್ ಅಂದರೆ ಬಂಡೆಗಳ ನಡುವೆ ಸಮುದ್ರದ ನೀರು ನಿಂತ ಕೊಳ) ಮೂರೂ ಒಂದೇ ದಿನ. ಶಿಮಿಜು ದ್ವೀಪದಲ್ಲಿ ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತ ಮೀನು, ಹವಳ ನೋಡುವುದು. ಕೊನೆಗೆ ಸೆವೆನ್ ಕಮಾಂಡೋಸ್ ಬೀಚ್. ಸಸ್ಯಾಹಾರಿ ಊಟ. ಎಲ್ಲ ಶುಲ್ಕ ಸೇರಿದೆ, ಅಲ್ಲಿ ಕೈಯಿಂದ ಏನೂ ಕೊಡಬೇಕಿಲ್ಲ. ಮಾಮೂಲಿ ದೋಣಿಗಿಂತ ತಲೆಗೆ ಇಷ್ಟು ಜಾಸ್ತಿ ಅಂತ ಬಿಲ್‌ನಲ್ಲಿ ಬೇರೆ ಸಾಲೇ ಇದೆ. ಆ ಬಿಲ್ಲನ್ನು ಇದರ ಜೊತೆ ಕಳಿಸಿದ್ದೇನೆ.

ನನ್ನ ಮುಖ್ಯ ದೂರು ಸೀಟಿನ ಬಗ್ಗೆಯೂ ಅಲ್ಲ, ಊಟದ ಬಗ್ಗೆಯೂ ಅಲ್ಲ. ಆ ಊರಿನ ನಿಯಮದಲ್ಲಿ ಮಾಡಲಿಕ್ಕೇ ಆಗದ ಪ್ರವಾಸವನ್ನು ನೀವು ನಮಗೆ ಮಾರಿದ್ದೀರಿ.

ಬಿಗ್ ಲಗೂನ್ ಒಳಗೆ ಮೋಟಾರ್ ದೋಣಿ ಹೋಗುವಂತಿಲ್ಲ. ಇದು ನಿನ್ನೆ ಮೊನ್ನೆ ಬಂದ ನಿಯಮ ಅಲ್ಲ. 2018ರಲ್ಲಿ ಫಿಲಿಪೀನ್ಸ್ ಸರ್ಕಾರ ಬೊರಾಕಾಯ್ ದ್ವೀಪವನ್ನೇ 6 ತಿಂಗಳು ಮುಚ್ಚಿ ಸ್ವಚ್ಛ ಮಾಡಿತು. ಆ ಹೊತ್ತಿಗೇ ಎಲ್ ನಿಡೊದಲ್ಲೂ ಬಿಗಿ ಶುರುವಾಯಿತು. ಬಿಗ್ ಲಗೂನ್‌ನಲ್ಲಿ ಒಂದು ಹೊತ್ತಿಗೆ 60 ಜನ, ಸ್ಮಾಲ್ ಲಗೂನ್‌ನಲ್ಲಿ 30 ಜನ ಅಂತ ಮಿತಿ ಹಾಕಿದರು. ದೋಣಿ ಹೊರಗೇ ನಿಲ್ಲಬೇಕು, ಅಲ್ಲಿಂದ ಕಯಾಕ್‌ನಲ್ಲಿ, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ, ಒಳಗೆ ಹೋಗಬೇಕು. ಒಂದೇ ಟೂರ್‌ನಲ್ಲಿ ಎರಡೂ ಲಗೂನ್ ಕೂಡ ಇಲ್ಲ. ಅಲ್ಲಿನ ದೋಣಿ ಪ್ರವಾಸಗಳಿಗೆ ಎ, ಬಿ, ಸಿ, ಡಿ ಅಂತ ಹೆಸರು. ‘ಎ’ ಟೂರ್‌ನಲ್ಲಿ ಬಿಗ್ ಲಗೂನ್, ‘ಡಿ’ ಟೂರ್‌ನಲ್ಲಿ ಸ್ಮಾಲ್ ಲಗೂನ್. ಈ ವಿಷಯ ನನಗೆ ಗೊತ್ತಾಗಿದ್ದು ಎಲ್ಲಿ ಅಂದರೆ, ದೋಣಿ ಬಿಗ್ ಲಗೂನ್ ಇರುವ ಮಿನಿಲಾಕ್ ದ್ವೀಪದ ಹತ್ತಿರ ಬಂದು ನಿಂತ ಮೇಲೆ, ನಮ್ಮ ಗೈಡ್ ಬಾಯಿಂದ. ನಿಮ್ಮ ಪಟ್ಟಿಯನ್ನು ನಾನು ಮೊಬೈಲಿನಲ್ಲಿ ತೋರಿಸಿದಾಗ ಆ ಹುಡುಗ ಒಂದು ನಿಮಿಷ ಸುಮ್ಮನೆ ನೋಡಿದ. ಆಮೇಲೆ, ಇದನ್ನು ಬರೆದವರು ಇಲ್ಲಿಗೆ ಬಂದಿಲ್ಲ ಅನಿಸುತ್ತದೆ ಸರ್, ಅಂದ.

ನಿಮ್ಮ ಪೇಜಿನಲ್ಲಿರುವ ವಿಡಿಯೋ ಇನ್ನೊಮ್ಮೆ ನೋಡಿ. ಅದರಲ್ಲಿ ಮೋಟಾರ್ ದೋಣಿ ಎರಡು ಕಡೆ ಸುಣ್ಣದಕಲ್ಲಿನ ಬಂಡೆಗಳ ನಡುವೆ ನಿಧಾನವಾಗಿ ಲಗೂನ್ ಒಳಗೆ ಹೋಗುತ್ತದೆ, ಜನ ಕೂತಲ್ಲೇ ಕೂತು ಫೋಟೋ ತೆಗೆಯುತ್ತಿದ್ದಾರೆ. ಅಂದರೆ ಅದು ಈ ನಿಯಮಕ್ಕೂ ಮುಂಚಿನ ವಿಡಿಯೋ. ಅದನ್ನು ತೋರಿಸಿಯೇ ನಿಮ್ಮ ಆಫೀಸಿನವರು ನಮಗೆ ಹೇಳಿದ್ದು, ‘ಅಮ್ಮನವರು ದೋಣಿ ಇಳಿಯೋದೇ ಬೇಡ ಸರ್, ಕೂತಲ್ಲೇ ಎಲ್ಲ ನೋಡಬಹುದು’ ಅಂತ. ನಮ್ಮ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ ಅಂತ ಬುಕಿಂಗ್ ಮಾಡುವಾಗಲೇ ಹೇಳಿದ್ದೆ, ವಾಟ್ಸಾಪ್‌ನಲ್ಲೂ ಬರೆದಿದ್ದೆ. ಕಯಾಕ್ ನೀರಿನ ಮಟ್ಟಕ್ಕೇ ಇರುತ್ತದೆ. ಅಲ್ಲಾಡುವ ದೋಣಿಯಿಂದ ಅದಕ್ಕಿಳಿದು, ಕಾಲು ಮುಂದೆ ಚಾಚಿ ಕೂತು, ವಾಪಸ್ ಹತ್ತಬೇಕು. ಮಂಡಿ ಮಡಚಲು ಆಗದವರಿಗೆ ಅದು ಆಗುವ ಕೆಲಸ ಅಲ್ಲ. ಗೈಡ್ ತಾನೇ ಹುಟ್ಟು ಹಾಕುತ್ತೇನೆ, ಹಿಡಿದು ಇಳಿಸುತ್ತೇನೆ ಅಂದರೂ ಅಮ್ಮ ಹೆದರಿ ಬೇಡ ಅಂದರು.

ನಾವು ಒಳಗೆ ಹೋಗಿ ಬರುವವರೆಗೂ ಅಮ್ಮ ಹೊರಗೆ ದೋಣಿಯಲ್ಲೇ ಕೂತಿದ್ದರು. ನಾನೂ ಹೋಗುವುದಿಲ್ಲ ಅಂದೆ, ಅವರೇ ಬಲವಂತ ಮಾಡಿ ಕಳಿಸಿದರು. ಒಳಗೆ ಹೋದರೆ ಆ ಜಾಗ ನಿಜಕ್ಕೂ ಅಷ್ಟು ಚೆನ್ನಾಗಿದೆ. ಲಗೂನ್‌ನ ಬಾಯಿಯ ಹತ್ತಿರ ನೀರು ಮೊಣಕಾಲು ಮಟ್ಟಕ್ಕಿಂತ ಸ್ವಲ್ಪ ಮೇಲಿತ್ತು, ತಳದ ಮರಳು ಕಾಣುತ್ತಿತ್ತು. ಮುಂದೆ ಹೋದ ಹಾಗೆ ಬಣ್ಣ ಹಸಿರಿಗೆ, ಆಮೇಲೆ ಕಡು ನೀಲಿಗೆ ತಿರುಗಿತು. ಕಪ್ಪು ಬಂಡೆಗಳ ತುದಿ ಗರಗಸದ ಹಲ್ಲಿನ ಹಾಗೆ ಮೇಲೆದ್ದು ನಿಂತಿತ್ತು. ಮೋಟಾರ್ ಶಬ್ದ ಇಲ್ಲ, ಹೊಗೆ ಇಲ್ಲ. ಆ ನಿಯಮ ಎಷ್ಟು ಸರಿ ಅಂತ ಅಲ್ಲಿ ಹೋದವರಿಗೆ ಯಾರೂ ಹೇಳಬೇಕಿಲ್ಲ. ಹಾಗಾಗಿ ದಯವಿಟ್ಟು ನನ್ನ ದೂರನ್ನು ತಪ್ಪಾಗಿ ತಿಳಿಯಬೇಡಿ. ನಿಯಮ ಯಾಕಿದೆ ಅಂತ ನಾನು ಕೇಳುತ್ತಿಲ್ಲ. ನಿಯಮ ಇದೆ ಅಂತ ನಮಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಿದ್ದೇನೆ.

ಹೇಳಿದ್ದರೆ ಏನು ಮಾಡುತ್ತಿದ್ದೆವು ಗೊತ್ತಾ? ‘ಬಿ’ ಟೂರ್ ತೆಗೆದುಕೊಳ್ಳುತ್ತಿದ್ದೆವು. ಅದರಲ್ಲಿ ಸ್ನೇಕ್ ಐಲ್ಯಾಂಡ್ ಇದೆ. ಇಳಿತದ ಹೊತ್ತಿನಲ್ಲಿ ಸಮುದ್ರದ ಮಧ್ಯೆ ಹಾವಿನ ಹಾಗೆ ಉದ್ದಕ್ಕೆ ಮರಳಿನ ದಾರಿ ಏಳುತ್ತದೆ. ಅಮ್ಮ ಅಲ್ಲಿ ಕೋಲು ಹಿಡಿದುಕೊಂಡು ನಿಧಾನವಾಗಿ ನಡೆಯಬಹುದಿತ್ತು. ಇದನ್ನೂ ನನಗೆ ಹೇಳಿದ್ದು ಅದೇ ಗೈಡ್. ನೀವು ಹೇಳಬೇಕಿತ್ತು ಅಲ್ವಾ? ಅದಕ್ಕೇ ತಾನೇ ನಾವು ಸ್ವಂತ ಬುಕ್ ಮಾಡದೆ ನಿಮ್ಮ ಹತ್ತಿರ ಬಂದಿದ್ದು.

ಇನ್ನು ದೋಣಿ. ಬಂದಿದ್ದು ಮಾಮೂಲಿ ಬಂಕಾ, ಎರಡೂ ಪಕ್ಕಕ್ಕೆ ಬಿದಿರಿನ ತೋಳು ಇರುವ ಮರದ ದೋಣಿ. ಬಂಕಾ ಒಳ್ಳೆಯ ದೋಣಿಯೇ. ಅಲೆ ಬಂದರೂ ಆ ಬಿದಿರು ಅದನ್ನು ಮಗುಚಲು ಬಿಡುವುದಿಲ್ಲ, ಅಲ್ಲಿನವರು ತಲೆತಲಾಂತರದಿಂದ ಅದರಲ್ಲೇ ಓಡಾಡುತ್ತಾರೆ. ಆದರೆ ನಾವು ಜಾಸ್ತಿ ಹಣ ಕೊಟ್ಟಿದ್ದು ಅದಕ್ಕಲ್ಲ. ಹಲಗೆ ಬೆಂಚು, ಬೇರೆ ಬೇರೆ ಹೋಟೆಲ್‌ಗಳಿಂದ ಒಟ್ಟು ಹಾಕಿದ ಇಪ್ಪತ್ತಕ್ಕೂ ಹೆಚ್ಚು ಜನ. ಮುಂಭಾಗದಲ್ಲಿ ನೆರಳಿಲ್ಲ, ಕಡೆಗೆ ಬಂದವರಿಗೆ ಅಲ್ಲೇ ಜಾಗ. ಟಾಯ್ಲೆಟ್ ಇರಲಿಲ್ಲ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಅರವತ್ತು ದಾಟಿದ ಹೆಂಗಸರು ಏನು ಮಾಡಬೇಕು? ಅಮ್ಮ ಮಧ್ಯಾಹ್ನದವರೆಗೆ ನೀರು ಕುಡಿಯುವುದನ್ನೇ ಬಿಟ್ಟರು. ಆ ಬಿಸಿಲಲ್ಲಿ! ಸಂಜೆ ತಲೆನೋವು, ವಾಂತಿ. ಹೋಟೆಲಿನವರು ಓಆರ್‌ಎಸ್ ತಂದು ಕೊಟ್ಟರು. ಇದೊಂದು ವಿಷಯ ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಹತ್ತುವುದೂ ಹಾಗೆಯೇ. ನಮ್ಮ ದೋಣಿ ದಡಕ್ಕೆ ತಾಗಿ ನಿಲ್ಲಲಿಲ್ಲ. ಮರಳಿನಿಂದ ಸೊಂಟದ ಹತ್ತಿರದವರೆಗಿನ ನೀರಿನಲ್ಲಿ ನಡೆದು, ಕಿರಿದಾದ ಏಣಿ ಹತ್ತಬೇಕಾಯಿತು. ಇದನ್ನು ಮೊದಲೇ ತಿಳಿಸಿದ್ದರೆ ಅಮ್ಮ ಸೀರೆ ಬದಲು ಬೇರೆ ಬಟ್ಟೆ ಹಾಕುತ್ತಿದ್ದರು, ನೀರಿಗೆ ಹಾಕುವ ಶೂ ಕೊಳ್ಳುತ್ತಿದ್ದೆವು. ನಿಮ್ಮ ಚೆಕ್‌ಲಿಸ್ಟ್‌ನಲ್ಲಿ ಇದ್ದಿದ್ದು ಟೋಪಿ, ಸನ್‌ಸ್ಕ್ರೀನ್, ಮತ್ತೆ ‘ಮಿನರಲ್ ವಾಟರ್ ಬಾಟಲಿಗಳನ್ನು ಸಾಕಷ್ಟು ಕೊಂಡುಕೊಳ್ಳಿ’. ಆ ಬಾಟಲಿಗಳನ್ನು ದೋಣಿ ಹತ್ತುವ ಮುಂಚೆಯೇ ತೆಗೆಸಿದರು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಅಲ್ಲಿನ ದೋಣಿ ಪ್ರವಾಸಗಳಲ್ಲಿ ನಿಷೇಧ, ತುಂಬಿಸಿಕೊಳ್ಳುವ ಬಾಟಲಿ ತರಬೇಕು. ಅದೂ ಒಳ್ಳೆಯ ನಿಯಮ. ಅದೂ ನಿಮಗೆ ಗೊತ್ತಿಲ್ಲ.

ಸ್ನಾರ್ಕೆಲಿಂಗ್ ಬಗ್ಗೆ ಸ್ವಲ್ಪ ಬರೆಯಲೇಬೇಕು, ಯಾಕೆಂದರೆ ನಿಮ್ಮ ಗ್ರಾಹಕರಲ್ಲಿ ನಮ್ಮ ಹಾಗೆ ಈಜು ಬಾರದವರೇ ಜಾಸ್ತಿ ಇರುತ್ತಾರೆ. ಮಗಳು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂದಾಗಿನಿಂದ ಅವಳಿಗೆ ಹವಳ, ಮೀನು ಅಂದರೆ ಹುಚ್ಚು. ಅವಳಿಗೆ ಮೈನಸ್ ನಾಲ್ಕು ಕನ್ನಡಕ. ಪವರ್ ಇರುವ ಮಾಸ್ಕ್ ಕೊಡುತ್ತೇವೆ ಅಂತ ಹೇಳಿದ್ದಿರಿ, ಇರಲಿಲ್ಲ. ಮಾಮೂಲಿ ಮಾಸ್ಕ್‌ಗಳೂ ಹಳೆಯವು, ಅಂಚಿನ ರಬ್ಬರು ಗಟ್ಟಿಯಾಗಿ ಮುಖಕ್ಕೆ ಕೂರುತ್ತಿರಲಿಲ್ಲ. ಅಪ್ಪನಿಗೆ ಮೀಸೆ ಇದೆ. ಮೀಸೆ ಇದ್ದರೆ ಒಳ್ಳೆಯ ಮೆತ್ತನೆ ಸಿಲಿಕಾನ್ ಮಾಸ್ಕ್‌ನಲ್ಲೇ ನೀರು ಸೋರುತ್ತದೆ, ಇನ್ನು ಈ ಗಟ್ಟಿ ರಬ್ಬರ್ ಕೇಳಬೇಕೆ? ಮೂಗಿಗೆ ಉಪ್ಪುನೀರು ಹೋಗಿ ಹೆದರಿಬಿಟ್ಟರು. ಬಾಯಿಗೆ ಇಟ್ಟುಕೊಳ್ಳುವ ಕೊಳವೆಗಳನ್ನು ಒಬ್ಬರಾದ ಮೇಲೆ ಒಬ್ಬರಿಗೆ ಒಂದೇ ಬಕೆಟ್ ನೀರಿನಲ್ಲಿ ಅದ್ದಿ ಕೊಡುತ್ತಿದ್ದರು. ಮಗಳ ಲೈಫ್ ಜಾಕೆಟ್ ದೊಡ್ಡವರದು, ನೀರಿಗೆ ಇಳಿದರೆ ಕಿವಿವರೆಗೂ ಮೇಲೆ ಬರುತ್ತಿತ್ತು. ಮಕ್ಕಳ ಅಳತೆಯದು ಕೊಡಿ ಅಂತ ಅವಳ ವಯಸ್ಸು, ತೂಕ ಎರಡೂ ಫಾರಂನಲ್ಲಿ ತುಂಬಿದ್ದೆ. ಆ ಫಾರಂ ಯಾರು ಓದಿದರು?

ಆದರೂ ಅಪ್ಪ ಮೀನು ನೋಡಿದರು. ಗೈಡ್ ತನ್ನ ಸ್ವಂತ ಮಾಸ್ಕ್ ಬಿಚ್ಚಿ ಕೊಟ್ಟ. ರಬ್ಬರ್ ಟ್ಯೂಬ್ ತಂದು ಅಪ್ಪನ ಕೈಗೆ ಕೊಟ್ಟು, ಅದನ್ನು ಎಳೆದುಕೊಂಡು ಹವಳದ ಮೇಲೆ ಸುತ್ತಿಸಿದ. ಯಾರೂ ಹವಳದ ಮೇಲೆ ಕಾಲಿಡಬಾರದು ಅಂತ ಕೂಗಿ ಕೂಗಿ ಹೇಳುತ್ತಿದ್ದ. ಪಟ್ಟೆ ಪಟ್ಟೆ ಮೀನು, ಗಿಳಿ ಮೀನು ಅಂತ ಅಪ್ಪ ಮೇಲೆ ಬಂದು ಚಿಕ್ಕ ಹುಡುಗನ ಹಾಗೆ ಹೇಳಿದರು. ಆ ಸಂತೋಷ ಕೊಟ್ಟಿದ್ದು ಆ ಹುಡುಗ, ನಿಮ್ಮ ಕಂಪನಿ ಅಲ್ಲ. ಊಟದಲ್ಲೂ ಅದೇ ಕಥೆ. ಸಸ್ಯಾಹಾರಿಗಳು ಇದ್ದಾರೆ ಅಂತ ದೋಣಿಯವರಿಗೆ ಸುದ್ದಿಯೇ ಇಲ್ಲ. ಒಂದೇ ಕೆಂಡದ ಮೇಲೆ ಮೀನು, ಹಂದಿಮಾಂಸ ಸುಡುತ್ತಿದ್ದರು, ನೂಡಲ್ಸ್‌ನಲ್ಲೂ ಮಾಂಸದ ಚೂರು. ಅಡುಗೆಯವನಿಗೆ ವಿಷಯ ಗೊತ್ತಾಗಿ ಪಾಪ, ಬೇರೆ ತಂತಿ ಜಾಲರಿ ಇಟ್ಟು ಬದನೆಕಾಯಿ ಸುಟ್ಟುಕೊಟ್ಟ. ಅನ್ನ, ಸೌತೆಕಾಯಿ, ಬದನೆಕಾಯಿ, ಮಾವಿನಹಣ್ಣು. ಊಟ ಚೆನ್ನಾಗಿತ್ತು, ಕೊಟ್ಟವನ ಮನಸ್ಸೂ ಚೆನ್ನಾಗಿತ್ತು. ಹಾಗಾಗಿ ಈ ದೂರಿನ ನೆಪದಲ್ಲಿ ದೋಣಿಯವರ ಮೇಲೆ ಒಂದು ಪೆಸೊ ದಂಡ ಹಾಕಿದರೂ ಅದು ಅನ್ಯಾಯ. ಅವರಿಗೆ ನೀವು ಮಾಮೂಲಿ ಟೂರ್‌ನ ಹಣ ಕೊಟ್ಟು ಮಾಮೂಲಿ ಟೂರ್ ಕೇಳಿದ್ದೀರಿ, ಅವರು ಅದನ್ನು ಸರಿಯಾಗಿಯೇ ಮಾಡಿದ್ದಾರೆ.

‘ಎಲ್ಲ ಸೇರಿದೆ’ ಅಂದಿದ್ದಿರಿ. ಬಿಗ್ ಲಗೂನ್ ಶುಲ್ಕ, ಕಯಾಕ್ ಬಾಡಿಗೆ, ಒಮ್ಮೆ ಕಟ್ಟಿದರೆ 10 ದಿನ ನಡೆಯುವ ಪರಿಸರ ಶುಲ್ಕ, ಎಲ್ಲವನ್ನೂ ಅಲ್ಲೇ ಕೈಯಿಂದ ಕಟ್ಟಿದ್ದೇವೆ. ರಸೀದಿಗಳಿವೆ.

ಬಿಗ್ ಲಗೂನ್ ಹೊರಗೆ ದೋಣಿ ನಿಂತಿದ್ದಾಗಲೇ ನಿಮ್ಮ 24 ಗಂಟೆ ಸಹಾಯವಾಣಿಗೆ ಮೆಸೇಜ್ ಹಾಕಿದ್ದೆ. ಸಿಗ್ನಲ್ ಇಲ್ಲದೆ ಅದು ಹೋಗಿದ್ದು ಸಂಜೆ. ಉತ್ತರ ಬಂದಿದ್ದು ಮಾರನೇ ದಿನ, ‘ಅದು ಲೋಕಲ್ ಆಪರೇಟರ್ ಜವಾಬ್ದಾರಿ’ ಅಂತ ಒಂದೇ ಸಾಲು. ಲೋಕಲ್ ಆಪರೇಟರ್ ಯಾರು ಅಂತ ನನಗೆ ಗೊತ್ತೇ ಇಲ್ಲ. ನಾನು ಹಣ ಕೊಟ್ಟಿದ್ದು ನಿಮಗೆ, ಬಿಲ್ ನಿಮ್ಮ ಹೆಸರಲ್ಲಿ, ಮಾತು ಕೊಟ್ಟವರು ನಿಮ್ಮ ಆಫೀಸಿನವರು. ವಾಪಸ್ ಬಂದ ಮೇಲೆ ಫೋನ್ ಮಾಡಿದರೆ ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ಕೂಪನ್ ಕೊಡುತ್ತೇವೆ ಅಂದರು. ಕೂಪನ್ ಬೇಡ.

ನನಗೆ ಬೇಕಾಗಿದ್ದು ಇಷ್ಟು. ಕಂಫರ್ಟ್ ದೋಣಿ ಅಂತ ನಮ್ಮೆಲ್ಲರಿಂದ ತೆಗೆದುಕೊಂಡ ಹೆಚ್ಚುವರಿ ಹಣ ಪೂರ್ತಿ ವಾಪಸ್, ಅಲ್ಲಿ ಕೈಯಿಂದ ಕಟ್ಟಿದ ಶುಲ್ಕಗಳೂ ವಾಪಸ್. ಅಮ್ಮ ಆ ದಿನ ನೋಡಿದ್ದು ಏನೂ ಇಲ್ಲ, ಹಾಗಾಗಿ ಅವರ ಪಾಲಿನ ದೋಣಿ ಹಣ ಪೂರ್ತಿ ಬರಬೇಕು. ಇದರ ಜೊತೆ ಇನ್ನೊಂದು, ಇದು ನನಗೆ ಹಣಕ್ಕಿಂತ ಮುಖ್ಯ. ಆ ಹಳೆಯ ವಿಡಿಯೋ ಇವತ್ತೇ ತೆಗೆಯಿರಿ. ಲಗೂನ್‌ಗೆ ಕಯಾಕ್‌ನಲ್ಲೇ ಹೋಗಬೇಕು, ಬಿಗ್ ಲಗೂನ್, ಸ್ಮಾಲ್ ಲಗೂನ್ ಎರಡೂ ಒಂದೇ ಟೂರ್‌ನಲ್ಲಿ ಇಲ್ಲ, ನೀರಿನಲ್ಲಿ ನಡೆದು ದೋಣಿ ಹತ್ತಬೇಕು, ಪ್ಲಾಸ್ಟಿಕ್ ಬಾಟಲಿ ತರಬಾರದು ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ. ಜೂನ್ 2025ರಿಂದ ನಮ್ಮವರಿಗೆ 14 ದಿನಕ್ಕೆ ಫಿಲಿಪೀನ್ಸ್ ವೀಸಾ ಬೇಕಿಲ್ಲ. ನಿಮ್ಮ ಜಾಹೀರಾತು ನೋಡಿ ನಮ್ಮ ಬೀದಿಯಲ್ಲೇ ಇನ್ನೊಂದು ಮನೆಯವರು ಅಜ್ಜಿಯನ್ನು ಕರೆದುಕೊಂಡು ಹೊರಡಲು ತಯಾರಾಗಿದ್ದಾರೆ. ಅವರಿಗೆ ನಾನು ವಿಷಯ ಹೇಳಿದ್ದೇನೆ, ಆದರೆ ಎಲ್ಲರಿಗೂ ನಾನು ಹೇಳಲು ಆಗುವುದಿಲ್ಲವಲ್ಲ.

ಈ ಪತ್ರ ತಲುಪಿದ 15 ದಿನದಲ್ಲಿ ಉತ್ತರ ಕೊಡಿ. ಕೊಡದಿದ್ದರೆ ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಸ್ಪಷ್ಟವಾಗಿ ಇದೆ, ನಾನು ಇರುವ ಊರಿನಲ್ಲೇ ಕೇಸು ಹಾಕಬಹುದು. ಅಲ್ಲಿಯವರೆಗೆ ಹೋಗಲು ನನಗೂ ಇಷ್ಟವಿಲ್ಲ. ಹಾಗಂತ ಬಿಟ್ಟುಬಿಡುತ್ತೇನೆ ಅಂತ ತಿಳಿಯಬೇಡಿ.

ಬಿಲ್, ನಿಮ್ಮ ಪ್ರವಾಸದ ಪಟ್ಟಿ, ವಾಟ್ಸಾಪ್ ಮಾತುಕತೆ, ದೋಣಿಯ ಫೋಟೋಗಳು, ರಸೀದಿಗಳು ಎಲ್ಲ ಇದರ ಜೊತೆ ಇವೆ. ಉತ್ತರವನ್ನು ಇಮೇಲ್‌ನಲ್ಲೇ ಕಳಿಸಿ, ಫೋನ್ ಬೇಡ.

ಇತಿ,
ನಿಮ್ಮ ಫಿಲಿಪೀನ್ಸ್ ಪ್ಯಾಕೇಜ್‌ನ ಗ್ರಾಹಕ, ಬೆಂಗಳೂರು